ಇಬ್ಬರು ಹೌದೆಂದರೆ ಶಾಯಿ

ಹಳೇ ಪಂಪ್‌ಹೌಸಿನ ಗೆಳೆಯರ ಬಳಗದಲ್ಲಿ ನನ್ನ ಕೆಲಸ ಬಾಗಿಲು ಕಾಯುವುದು. ನಿಜವಾದ ಬಾಗಿಲಲ್ಲ. ಆ ಬಾಗಿಲಿಗೆ ನಗರಸಭೆಯವರು ಎಂಟು ವರ್ಷದ ಹಿಂದೆಯೇ ಬೀಗ ಜಡಿದು, ಸೂರು ಕುಸಿಯುವ ಅಪಾಯವಿದೆ ಎಂದು ಬೋರ್ಡು ನೇತುಹಾಕಿ ಹೋಗಿದ್ದಾರೆ. ಒಳಗೆ ಕಾಲಿಡುವಂತಿಲ್ಲ. ಹಾಗಾಗಿ ತಿಂಗಳಿಗೊಂದು ಭಾನುವಾರ ಸಂಜೆ ಐದಕ್ಕೆ ಅದರ ಚರಿತ್ರೆಯನ್ನು ಕಂಪ್ಯೂಟರಿನಲ್ಲೇ ಹೇಳಿ ಕೇಳಿ ಸಮಾಧಾನಪಟ್ಟುಕೊಳ್ಳುತ್ತೇವೆ. ಒಬ್ಬರು ಉಪನ್ಯಾಸ ಕೊಡುತ್ತಾರೆ, ಎಪ್ಪತ್ತೆಂಬತ್ತು ಜನ ತಂತಮ್ಮ ಮನೆಯಲ್ಲಿ ಕೂತು ಕೇಳುತ್ತಾರೆ. ಬಂದವರೆಲ್ಲ ಮೊದಲು ಕಾಯುವ ಕೋಣೆಯಲ್ಲಿ ನಿಲ್ಲಬೇಕು. ಅವರ ಹೆಸರು ನನ್ನ ಪರದೆಯ ಬಲಗಡೆ ಮೂಡುತ್ತದೆ. ನಾನು ಒತ್ತಿದರೆ ಒಳಗೆ, ಒತ್ತದಿದ್ದರೆ ಹೊರಗೆ.

ಎಪ್ಪತ್ತೊಂಬತ್ತರ ಮುದುಕನಿಗೆ ಇಂಥ ಕೆಲಸ ಯಾಕೆ ಎಂದು ಮೂಗು ಮುರಿಯಬೇಡಿ. ನನಗಿಂತ ಮುಂಚೆ ಇದನ್ನು ಒಬ್ಬ ಪ್ರೊಫೆಸರ್ ನೋಡಿಕೊಳ್ಳುತ್ತಿದ್ದ. ಉಪನ್ಯಾಸದ ನಡುವೆ ಯಾರದೋ ಮನೆಯ ಮಿಕ್ಸಿ ಗರ್ರೆನ್ನುತ್ತಿತ್ತು, ಯಾರೋ ಗಂಡನಿಗೆ ಮಂಗಳಾರತಿ ಎತ್ತುತ್ತಿದ್ದರು, ಎಲ್ಲ ನಮಗೆ ಕೇಳುತ್ತಿತ್ತು. ನಾನು ಬಂದ ಮೇಲೆ ಎಲ್ಲರ ಬಾಯಿ ಬಂದ್. ಮೂವತ್ತಾರು ವರ್ಷ ಅದೇ ಪಂಪ್‌ಹೌಸಿನಲ್ಲಿ ಫಿಟ್ಟರ್ ಆಗಿದ್ದವನು ನಾನು. ಉಗಿಯ ವಾಲ್ವೇ ಇರಲಿ, ಮನುಷ್ಯರ ಮೈಕೇ ಇರಲಿ, ಮುಚ್ಚುವ ಹೊತ್ತಿಗೆ ಮುಚ್ಚಲು ನನಗೆ ದಾಕ್ಷಿಣ್ಯವಿಲ್ಲ.

ಉಪನ್ಯಾಸಕ್ಕೆ ಮುಂಚೆ "ನನ್ನ ಧ್ವನಿ ಕೇಳಿಸ್ತಿದೆಯಾ?" ಎಂದು ನಾನು ಕೇಳುವುದು ವಾಡಿಕೆ. ಎಲ್ಲರೂ ಹೆಬ್ಬೆರಳು ತೋರಿಸುತ್ತಾರೆ. ಬಾಯಿ ಬಿಟ್ಟು ಉತ್ತರ ಕೊಡುವವರು ಒಬ್ಬರೇ, ಗುಬ್ಬಚ್ಚಿ ಅಮ್ಮ. "ಕೇಳಿಸ್ತಿದೆ, ಹೇಳಿ ಅಣ್ಣ" ಎನ್ನುತ್ತಾರೆ. ಮೊಮ್ಮಗಳ ಟ್ಯಾಬ್‌ನಿಂದ ಬರುವುದರಿಂದ ಅವರ ಕಿಟಕಿಯ ಕೆಳಗೆ 'ಗುಬ್ಬಚ್ಚಿ' ಎಂದೇ ಇರುತ್ತದೆ, ಬಳಗದಲ್ಲಿ ಅದೇ ಹೆಸರು ನಿಂತುಬಿಟ್ಟಿತು. ಅರವತ್ಮೂರು ವಯಸ್ಸು, ಹೊಲಿಗೆ ಅವರ ಕಸುಬು. ಹಿಂದುಗಡೆ ಹೊಲಿಗೆ ಮಷಿನ್ನು, ಬಣ್ಣಬಣ್ಣದ ದಾರದ ಉಂಡೆಗಳು, ಗೋಡೆಯ ಮೇಲೆ ನೇತುಬಿಟ್ಟ ಅಳತೆ ಟೇಪು ಕಾಣುತ್ತವೆ. ಇನ್ನೊಬ್ಬ ಖಾಯಂ ಗಿರಾಕಿ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ. ಪಂಪ್‌ಹೌಸಿನಲ್ಲಿ ವಾಲ್ವ್‌ಮನ್ ಆಗಿದ್ದವರು. ಫೋನನ್ನು ಎದೆಯ ಮೇಲಿಟ್ಟುಕೊಂಡು ಕೇಳುತ್ತಾರಾದ್ದರಿಂದ ನಮಗೆ ಅವರ ಮುಖ ಕಂಡದ್ದೇ ಇಲ್ಲ. ಅವರ ಮನೆಯ ಸೀಲಿಂಗ್ ಫ್ಯಾನ್ ಮಾತ್ರ ಬಳಗಕ್ಕೆಲ್ಲ ಚಿರಪರಿಚಿತ.

ಪ್ರತಿ ಉಪನ್ಯಾಸದ ಕೊನೆಗೆ ಹತ್ತು ನಿಮಿಷ ಗುರುತು ಹಿಡಿಯುವ ಆಟ. ನಮ್ಮ ಕಾರ್ಯದರ್ಶಿ ಹಿಂದೆ ಶಾಲೆಯೊಂದರಲ್ಲಿ ಲೈಬ್ರೇರಿಯನ್ ಆಗಿದ್ದ ಹೆಂಗಸು. ಪಂಪ್‌ಹೌಸಿನ ಹಳೆಯ ಫೋಟೋಗಳನ್ನೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಾರೆ. ಒಂದೊಂದಾಗಿ ತೋರಿಸಿ "ಇವರು ಯಾರು?" ಎಂದು ಕೇಳುತ್ತಾರೆ. ಒಬ್ಬರು ಹೆಸರು ಹೇಳಿದರೆ ಫೋಟೋದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಇನ್ನೊಬ್ಬರು ಹೌದೆಂದರೆ ಅದರ ಮೇಲೆ ಶಾಯಿ ಬೀಳುತ್ತದೆ. ಈ ಪದ್ಧತಿ ಹೇಳಿಕೊಟ್ಟದ್ದು ನಾನೇ. ಪಂಪ್‌ಹೌಸಿನ ಲಾಗ್‌ಬುಕ್ಕಿನಲ್ಲಿ ಯಾವ ವಿಷಯಕ್ಕೂ ಎರಡು ಸಹಿ ಬೇಕಿತ್ತು, ಎರಡು ಸಹಿ ಬಿದ್ದರೆ ಅದೇ ನಿಜ. ಅದನ್ನು ಹೆಮ್ಮೆಯಿಂದ ಹೇಳಿದ್ದೆ.

ಗುಬ್ಬಚ್ಚಿ ಅಮ್ಮ ಬಳಗಕ್ಕೆ ಬಂದದ್ದು ಒಂದು ಫೋಟೋಗಾಗಿ. ಅವರ ಅಪ್ಪ ನಮ್ಮಲ್ಲಿ ಫೈರ್‌ಮನ್ ಆಗಿದ್ದ, ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ. ಅವರಿಗೆ ಆರು ವರ್ಷವಿದ್ದಾಗ ಅಪ್ಪ ಎರಡನೇ ಬಾಯ್ಲರಿನೊಳಗೆ ಬೆಂದು ಸತ್ತ. ವಾರದೊಳಗೆ ಕ್ವಾರ್ಟರ್ಸ್ ಖಾಲಿ ಮಾಡಿಸಿದರು, ಆ ಗಡಿಬಿಡಿಯಲ್ಲಿ ಇದ್ದೊಂದು ಫೋಟೋವೂ ಕಳೆದುಹೋಯಿತಂತೆ. ಅಪ್ಪನ ಮುಖ ಅವರಿಗೆ ನೆನಪಿಲ್ಲ. ನೆನಪಿರುವುದು ಹೊಗೆ. ಕಲ್ಲಿದ್ದಲಿನ ಬಗ್ಗೆ ನಡೆದ ಉಪನ್ಯಾಸದಲ್ಲಿ ಅವರೇ ಹೇಳಿದ್ದರು, "ಅಪ್ಪನ ಪಾಳಿ ಇದ್ದಾಗ ಮಾತ್ರ ಅಮ್ಮ ಬಟ್ಟೆ ಹೊರಗೆ ಒಣಗಿ ಹಾಕ್ತಿದ್ರು. ಬೇರೆಯವರ ಪಾಳೀಲಿ ಚಿಮಣಿಯಿಂದ ಮಸಿ ಉದುರಿ ಬಿಳಿ ಬಟ್ಟೆ ಎಲ್ಲ ಹಾಳಾಗೋದು. ಅಪ್ಪ ಉರಿ ಹಾಕಿದ್ರೆ ಹೊಗೆ ಎಳೆ ಥರ ಬರೋದು." ಅದು ಸತ್ಯ. ಅಷ್ಟು ಅಚ್ಚುಕಟ್ಟಾಗಿ ಉರಿ ಹಾಕುವ ಇನ್ನೊಬ್ಬನನ್ನು ನಾನು ಕಾಣಲಿಲ್ಲ.

ಇನ್ನೊಂದು ಮಾತನ್ನೂ ಅವರು ಆಗಾಗ ಹೇಳುತ್ತಿದ್ದರು. ವಿಚಾರಣೆಯಲ್ಲಿ ಅಪ್ಪನದೇ ತಪ್ಪು ಎಂದಾಗಿತ್ತು. ಯಾರಿಗೂ ಹೇಳದೆ ಕೇಳದೆ ಬಾಯ್ಲರಿನೊಳಗೆ ಇಳಿದ, ಹೊರಗಿದ್ದವರಿಗೆ ಗೊತ್ತಾಗದೆ ಉಗಿ ಬಿಟ್ಟರು ಎಂದು ಇಬ್ಬರು ಸಾಕ್ಷಿ ಬರೆದುಕೊಟ್ಟಿದ್ದರು, ಆ ಇಬ್ಬರ ಹೆಸರು ಮನೆಯವರಿಗೆ ತಿಳಿಸಿರಲಿಲ್ಲ. "ಒಂದು ಮಾತು ಹೇಳಿ ಹೋಗೋಕೆ ಏನಾಗಿತ್ತು ಅವರಿಗೆ? ಎರಡು ಮಕ್ಕಳಿದ್ವಲ್ಲ!" ಎಂದು ಎಪ್ಪತ್ತು ಜನರ ಮುಂದೆ ಕಣ್ಣೊರೆಸಿಕೊಂಡರು ಒಮ್ಮೆ. ನಾನು ಅವರ ಮೈಕ್ ಮುಚ್ಚಲಿಲ್ಲ. ಮುಚ್ಚುವಂತಿದ್ದರೆ ನನ್ನ ಕಿವಿ ಮುಚ್ಚಿಕೊಳ್ಳಬೇಕಿತ್ತು, ಏಕೆಂದರೆ ಆ ಇಬ್ಬರು ಸಾಕ್ಷಿಗಳು ನಾನು ಮತ್ತು ನನ್ನ ಭಾವ.

ಏಳು ಉಪನ್ಯಾಸಗಳಲ್ಲಿ, ಏಳು ಸಲವೂ, ಅವರು ಫೋಟೋಗಳನ್ನು ನೋಡಿ ಅದೇ ಪ್ರಶ್ನೆ ಕೇಳಿದರು: "ಇದರಲ್ಲಿ ನನ್ನಪ್ಪ ಇದಾರಾ ಅಣ್ಣ?" ಏಳು ಸಲವೂ ಇಲ್ಲ ಎಂದೆ. ಎಂಟನೆಯ ಸಲ ಕಾರ್ಯದರ್ಶಿ ತೋರಿಸಿದ್ದು ಎಂಜಿನ್ ಮನೆಯ ಮುಂದೆ ಹದಿನಾಲ್ಕು ಜನ ಸಾಲಾಗಿ ನಿಂತ ಫೋಟೋ. ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ತೆಗೆದದ್ದು. ಅದರಲ್ಲಿ ನಾನಿದ್ದೆ, ಭಾವ ಇದ್ದರು. ಉಳಿದ ಹನ್ನೆರಡು ಜನ ಈಗಿಲ್ಲ.

"ಆ ಟೋಪಿ ಹಾಕ್ಕೊಂಡಿರೋರು ಅಣ್ಣ, ಎಡಗಡೆಯಿಂದ ಮೂರನೆಯವರು... ಮೂಗು ನನ್ನ ಮಗನ ಥರಾನೇ ಇದೆ. ಇವರೇ ಅಲ್ವಾ?"

ಅವನು ಪಾಳಿ ಮೇಸ್ತ್ರಿ. ಅವರ ಅಪ್ಪನನ್ನು ಬಾಯ್ಲರಿನೊಳಗೆ ಇಳಿಸಿದವನು ಅವನೇ, ಉಗಿ ಬಿಡಿಸಿದವನೂ ಅವನೇ. ನನಗೆ ಅದು ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಆದರೆ ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು, ಉಸಿರು ಹಿಡಿದು ಕಾಯುತ್ತಿದ್ದರು. ಎಂಟನೆಯ ಸಲ ಇಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. "ಹೌದು ತಂಗಿ, ಅವನೇ" ಎಂದುಬಿಟ್ಟೆ.

"ಹೌದು ಹೌದು, ಅವನೇ" ಎಂದು ಸೀಲಿಂಗ್ ಫ್ಯಾನಿನ ಕಡೆಯಿಂದ ಭಾವನ ದನಿ ಬಂತು.

ಇಬ್ಬರಾದರಲ್ಲ. ಕಾರ್ಯದರ್ಶಿ ಶಾಯಿ ಹಾಕಿದರು. ಜನ ಚಪ್ಪಾಳೆ ತಟ್ಟಿದರು, ಗುಬ್ಬಚ್ಚಿ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಆ ಸಂಜೆ ಎದೆ ಹಗುರಾಗಿತ್ತು. ಐವತ್ತೇಳು ವರ್ಷದ ಹಿಂದೆ ಕಿತ್ತುಕೊಂಡದ್ದರಲ್ಲಿ ಏನೋ ಸ್ವಲ್ಪ ಹಿಂತಿರುಗಿಸಿದೆ ಎಂದುಕೊಂಡೆ. ಎಂಥ ಮೂರ್ಖ! ಮುಂದಿನ ತಿಂಗಳು ನೋಡುತ್ತೇನೆ, ಅವರು ಸ್ಟುಡಿಯೋದಲ್ಲಿ ಆ ಮುಖವೊಂದನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹೊಲಿಗೆ ಮಷಿನ್ನಿನ ಮೇಲಿನ ಗೋಡೆಗೆ ತೂಗುಹಾಕಿದ್ದಾರೆ. ಅಲ್ಲಿಂದ ಏಳು ತಿಂಗಳು, ಪ್ರತಿ ಉಪನ್ಯಾಸದಲ್ಲೂ, ಮೇಸ್ತ್ರಿ ಅವರ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದ.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಕಳೆದ ತಿಂಗಳ ಉಪನ್ಯಾಸಕ್ಕೆ ಕಾರ್ಯದರ್ಶಿ ಒಬ್ಬ ಸಂಶೋಧಕಿಯನ್ನು ಒಪ್ಪಿಸಿದರು. ವಿಷಯ: ಎರಡನೇ ಬಾಯ್ಲರಿನ ಅಪಘಾತ. ಸ್ಲೈಡುಗಳು ಸರಿಯಾಗಿ ತೆರೆಯುತ್ತವೆಯೇ ಎಂದು ಮೊದಲೇ ನೋಡುವುದು ನನ್ನ ಕೆಲಸವಾದ್ದರಿಂದ ಗುರುವಾರವೇ ಅವಳು ಕಳಿಸಿದ್ದಳು. ಹನ್ನೆರಡನೆಯದರಲ್ಲಿ ಟೋಪಿ ಹಾಕಿದ ಆ ಮುಖ, ಪಕ್ಕದಲ್ಲಿ ಸರ್ವಿಸ್ ದಾಖಲೆಯಿಂದ ತೆಗೆದ ಅದೇ ಮುಖ, ಕೆಳಗೆ 'ಪಾಳಿ ಮೇಸ್ತ್ರಿ' ಎಂಬ ಅಕ್ಷರ. ಹದಿನಾಲ್ಕನೆಯದರಲ್ಲಿ ನಮ್ಮ ಸಾಕ್ಷಿ ಹೇಳಿಕೆ. ಸಹಿ ಇರುವ ಜಾಗದಲ್ಲಿ ಎರಡು ಕಪ್ಪು ಪಟ್ಟಿ. ಜೊತೆಗೊಂದು ಚೀಟಿ: "ಸರ್, ಬದುಕಿರುವವರ ಹೆಸರು ಮುಚ್ಚಿದ್ದೇನೆ. ಹಾಗೇ ಇರಲೇ?"

ಚೀಟಿಯನ್ನು ಎರಡು ಸಲ ಓದಿದೆ. ಇವಳಿಗೆ ಗೊತ್ತು. ಒಂದು ಗಂಟೆ ಕೂತಲ್ಲೇ ಕೂತಿದ್ದು "ಇರಲಿ" ಎಂದು ಉತ್ತರ ಬರೆದೆ.

ಆಮೇಲೆ ಛತ್ರಿ ಹಿಡಿದು ಭಾವನ ಮನೆಗೆ ಹೋದೆ. ಎರಡು ಬೀದಿ ಆಚೆ, ಮೂರನೇ ಮಹಡಿ. ಭಾವ ಮಂಚದ ಮೇಲೆ ರೇಡಿಯೋ ಕೇಳುತ್ತ ಬಿದ್ದುಕೊಂಡಿದ್ದರು. ಎಲ್ಲ ಹೇಳಿದೆ.

"ನಂಗೆ ಆ ಫೋಟೋ ಕಾಣ್ಲೇ ಇಲ್ಲಪ್ಪ" ಎಂದರು ಭಾವ. "ಎರಡೂ ಕಣ್ಣಲ್ಲಿ ಪೊರೆ. ನೀನು ಹೌದು ಅಂದೆ, ನಾನೂ ಹೌದು ಅಂದೆ."

"ಆವತ್ತು ನೀವು ಹೌದು ಅಂದ್ರಿ, ನಾನು ಹೌದು ಅಂದೆ. ಲೆಕ್ಕ ಸರಿಹೋಯ್ತು ಬಿಡಿ."

ಭಾವ ರೇಡಿಯೋ ಆರಿಸಿದರು. "ನೋಡು, ಮೇಸ್ತ್ರಿ ಕೂಗಿದ, ನಾನು ಚಕ್ರ ತಿರುಗಿಸಿದೆ. ಒಳಗೆ ಮನುಷ್ಯ ಇದಾನೆ ಅಂತ ನಂಗೆ ಗೊತ್ತಿರ್ಲಿಲ್ಲ. ಆದ್ರೂ ತಿರುಗಿಸಿದ್ದು ಈ ಕೈ. ಆ ಗುಬ್ಬಚ್ಚಿ ನನ್ನನ್ನ ಮಾವ ಅಂತ ಕರೀತಾಳೆ, ಮೊನ್ನೆ ನಂಗೆ ಒಂದು ಜುಬ್ಬಾ ಹೊಲಿದು ಕಳಿಸಿದಾಳೆ. ನಾನು ಹೋದ ಮೇಲೆ ಏನಾದ್ರೂ ಹೇಳ್ಕೋ."

"ನೀವು ಹೋಗೋ ಹೊತ್ತಿಗೆ ನಾನಿರಬೇಕಲ್ಲ."

ಭಾವ ಗೋಡೆಯ ಕಡೆ ತಿರುಗಿ ಮಲಗಿದರು. ಅವರು ತೊಟ್ಟುಕೊಂಡದ್ದು ಅದೇ ಹೊಸ ಜುಬ್ಬಾ. ಬೆನ್ನಿನ ಹೊಲಿಗೆ ನೂಲು ಹಿಡಿದಂತೆ ನೇರವಾಗಿತ್ತು.

ನಡೆದದ್ದು ಇಷ್ಟು. ಎರಡು ಬಾಯ್ಲರಿಗೂ ಉಗಿಯ ಪೈಪು ಒಂದೇ. ಒಂದರೊಳಗೆ ಮನುಷ್ಯ ಇಳಿದು ಕಿಟ್ಟ ಕೆರೆಯುವಾಗ ಅದರ ವಾಲ್ವಿಗೆ ಸರಪಳಿ ಬಿಗಿದು ಬೀಗ ಹಾಕಬೇಕು, ಕೀಲಿ ಒಳಗೆ ಇಳಿಯುವವನ ಜೇಬಿನಲ್ಲಿರಬೇಕು. ಅವನು ಹೊರಗೆ ಬಂದು ತೆಗೆಯುವ ತನಕ ಯಾರೂ ಮುಟ್ಟುವಂತಿಲ್ಲ. ಆ ವಾರ ಬೀಗ ಕೆಟ್ಟು ರಿಪೇರಿಗೆ ಹೋಗಿತ್ತು. ಬೀಗ ಬರುವ ತನಕ ತಡೆಯೋಣ ಎಂದ ಫೈರ್‌ಮನ್. "ಹತ್ತು ನಿಮಿಷದ ಕೆಲಸಕ್ಕೆ ಏನು ಭಾಷಣ, ಇಳಿ" ಎಂದ ಮೇಸ್ತ್ರಿ. ಅರ್ಧ ಗಂಟೆಯ ಮೇಲೆ ಅತ್ತ ಒಂದನೇ ಬಾಯ್ಲರಿನಲ್ಲಿ ಏನೋ ತೊಂದರೆ ಕಂಡು, ಇವನು ಒಳಗಿರುವುದನ್ನೇ ಮರೆತು, "ಎರಡನೇದು ತೆಗಿ" ಎಂದು ಕೂಗಿದ. ಭಾವ ತೆಗೆದರು. ಸಂಜೆ ಮೇಸ್ತ್ರಿ ತಾನೇ ಹೇಳಿಕೆ ಬರೆದು ನಮ್ಮಿಬ್ಬರ ಮುಂದೆ ಹಿಡಿದ. ಸಹಿ ಹಾಕದಿದ್ದರೆ ವಾಲ್ವ್ ತೆಗೆದವನೇ ಜೈಲಿಗೆ ಹೋಗುತ್ತಾನೆ ಎಂದ. ಭಾವನ ತಂಗಿಯೊಂದಿಗೆ ನನ್ನ ಮದುವೆ ನಿಶ್ಚಯವಾಗಿ ಹದಿನೈದು ದಿನವಾಗಿತ್ತು. ಭಾವ ನಡುಗುವ ಕೈಯಲ್ಲಿ ಸಹಿ ಹಾಕಿದರು, ಅವರ ಕೆಳಗೆ ನಾನು ಹಾಕಿದೆ. ನನ್ನ ಕೈ ನಡುಗಲಿಲ್ಲ, ಅದೇ ಇವತ್ತಿಗೂ ನನ್ನನ್ನು ಸುಡುತ್ತದೆ.

ಭಾನುವಾರ ಗುಬ್ಬಚ್ಚಿ ಅಮ್ಮ ಎಂದಿನಂತೆ ಐದಕ್ಕೆ ಎಂಟು ನಿಮಿಷವಿರುವಾಗಲೇ ಬಂದರು. ಕಾಯುವ ಕೋಣೆಯಲ್ಲಿ 'ಗುಬ್ಬಚ್ಚಿ' ಎಂದು ಮೂಡಿತು. ಅದರ ಕೆಳಗೆ ಒಂದೊಂದೇ ಬೇರೆ ಹೆಸರುಗಳು ಬಂದವು. ಅವರನ್ನೆಲ್ಲ ಒಳಗೆ ಬಿಟ್ಟೆ. ಆ ಒಂದು ಹೆಸರಿನ ಮೇಲೆ ಬೆರಳಿಟ್ಟವನು ಒತ್ತಲಿಲ್ಲ. ಅವರ ಒಳ್ಳೆಯದಕ್ಕೇ ಎಂದು ನನಗೆ ನಾನೇ ಹೇಳಿಕೊಂಡೆ. ಗೋಡೆಯ ಮೇಲಿನ ಮುಖವನ್ನು ಹೀಗೆ ಎಲ್ಲರ ನಡುವೆ ಇದ್ದಕ್ಕಿದ್ದಂತೆ ಕಂಡರೆ ಎದೆ ಒಡೆದುಕೊಂಡಾರು ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದು ಅಂದರೆ ಇದೇ.

"ನನ್ನ ಧ್ವನಿ ಕೇಳಿಸ್ತಿದೆಯಾ?" ಎಂದು ಕೇಳಿದೆ. ಹೆಬ್ಬೆರಳುಗಳು ಎದ್ದವು. ಯಾರೂ ಮಾತಾಡಲಿಲ್ಲ.

ಸಂಶೋಧಕಿ ಚೆನ್ನಾಗಿಯೇ ಮಾತಾಡಿದಳು. ಬೀಗ ಆ ವಾರ ರಿಪೇರಿಗೆ ಹೋಗಿದ್ದನ್ನು ಉಗ್ರಾಣದ ಪುಸ್ತಕದಿಂದ ತೋರಿಸಿದಳು. ಆಮೇಲೆ ನಮ್ಮ ಹೇಳಿಕೆಯನ್ನು ಗಟ್ಟಿಯಾಗಿ ಓದಿದಳು. "ಸದರಿ ಫೈರ್‌ಮನ್ ಯಾರಿಗೂ ತಿಳಿಸದೆ, ಯಾರ ಅಪ್ಪಣೆಯೂ ಇಲ್ಲದೆ, ತಾನಾಗಿಯೇ ಬಾಯ್ಲರಿನೊಳಗೆ ಇಳಿದಿದ್ದನು." "ಈ ಇಬ್ಬರು ನಿಜ ಹೇಳಿದ್ರಾ ಅನ್ನೋದು ಅವರೇ ಹೇಳಿದ್ರೆ ಉಂಟು, ಕಾಗದದಲ್ಲಿ ಸಿಗಲ್ಲ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ನಾನು ಕನ್ನಡಕ ಒರೆಸತೊಡಗಿದೆ.

ಕೊನೆಯಲ್ಲಿ ಕಾರ್ಯದರ್ಶಿ, "ಗುಬ್ಬಚ್ಚಿ ಅಮ್ಮ ಇವತ್ತು ಬರ್ಲೇ ಇಲ್ವಾ? ಅವರು ಇರಲೇಬೇಕಿತ್ತು. ಫೋಟೋದ ವಿಷ್ಯ ಬೇರೆ ಸ್ವಲ್ಪ ಗೊಂದಲ ಆಗಿದೆ" ಎಂದರು.

"ನೆಟ್ ತೊಂದರೆ ಇರ್ಬೇಕು" ಎಂದೆ.

"ಹೋಗ್ಲಿ ಬಿಡಿ, ರೆಕಾರ್ಡಿಂಗ್ ನಾಳೆ ಬೆಳಿಗ್ಗೆ ಹಾಕ್ತೀನಿ. ಆಗ ನೋಡ್ತಾರೆ."

ಎಲ್ಲರೂ ಕೈಬೀಸಿ ಹೋದರು. ಪರದೆಯಲ್ಲಿ ನಾನೊಬ್ಬನೇ ಉಳಿದೆ. ಬಲಗಡೆ ಆ ಹೆಸರು ಇನ್ನೂ ಇತ್ತು. ಒಂದು ಗಂಟೆ ನಲವತ್ತು ನಿಮಿಷ ಅವರ ಪರದೆಯ ಮೇಲೆ 'ದಯವಿಟ್ಟು ಕಾಯಿರಿ, ಈಗಲೇ ಒಳಗೆ ಬಿಡುತ್ತೇವೆ' ಎಂಬ ಸಾಲು ಇದ್ದಿರಬೇಕು. ಆ ಸಾಲು ಬರೆದವನೂ ನಾನೇ. ಒತ್ತಿದೆ.

ಅವರು ಬೆಚ್ಚಿ ತಲೆಯೆತ್ತಿದರು. ಕೈಯಲ್ಲಿ ಮಗುವಿನದೊಂದು ಫ್ರಾಕು, ಬಾಯಲ್ಲಿ ಗುಂಡುಸೂಜಿ. ಸೂಜಿ ತೆಗೆದು ನಕ್ಕರು. "ಶುರುವಾಯ್ತಾ ಅಣ್ಣ? ನಿಮ್ಮ ಕಂಪ್ಯೂಟರ್ ಕೈಕೊಟ್ಟಿದೆ ಅಂದ್ಕೊಂಡೆ. ಕಾದು ಕಾದು ಈ ಫ್ರಾಕಿನ ಅಂಚು ಪೂರ್ತಿ ಹೊಲಿದುಬಿಟ್ಟೆ."

"ಮುಗೀತು ತಂಗಿ. ನಾನೇ ನಿಮ್ಮನ್ನ ಒಳಗೆ ಬಿಡಲಿಲ್ಲ."

ಅವರ ನಗು ಹಾಗೇ ನಿಂತಿತು. ಹಿಂದೆ ಗೋಡೆಯ ಮೇಲೆ ಮೇಸ್ತ್ರಿ.

"ಆ ಫೋಟೋದಲ್ಲಿರೋದು ನಿಮ್ಮಪ್ಪ ಅಲ್ಲ" ಎಂದೆ.

ಅವರು ತಿರುಗಿ ಗೋಡೆ ನೋಡಿದರು. ನನ್ನ ಕಡೆ ನೋಡಿದರು. "ಮತ್ತೆ ಇವರು ಯಾರು?"

"ಮೇಸ್ತ್ರಿ. ನಿಮ್ಮಪ್ಪನ್ನ ಬಾಯ್ಲರಿಗೆ ಇಳಿಸಿದೋನು."

"ಇಳಿಸಿದೋನು ಅಂದ್ರೆ? ಅಪ್ಪ ಹೇಳದೆ ತಾವೇ ಇಳಿದ್ರಲ್ವಾ?"

ಇಲ್ಲಿಗೇ ನಿಲ್ಲಿಸಬಹುದಿತ್ತು. ಬಾಯಿತಪ್ಪಿ ಬಂತು ಎನ್ನಬಹುದಿತ್ತು. ಆದರೆ ಆ ಹೆಂಗಸು ಸುಮಾರು ಒಂದೂಮುಕ್ಕಾಲು ಗಂಟೆ ನನ್ನನ್ನು ನಂಬಿ ಹೊರಗೆ ಕೂತಿದ್ದರು. ಬೀಗದ ಕತೆ ಹೇಳಿದೆ, ಮೇಸ್ತ್ರಿ ಕೂಗಿದ್ದು ಹೇಳಿದೆ, ಸಂಜೆ ಅವನು ಹಿಡಿದ ಕಾಗದದ ಬಗ್ಗೆ ಹೇಳಿದೆ.

"ಸಹಿ ಹಾಕಿದ್ದು?"

"ಒಂದು ನಂದು."

"ಇನ್ನೊಂದು?"

"ಅದನ್ನ ಅವರೇ ಹೇಳ್ಬೇಕು ತಂಗಿ."

ಅವರು ಎದ್ದರು. ಕುರ್ಚಿಯ ಮೇಲೆ ಹತ್ತಿ ಕಟ್ಟನ್ನು ಇಳಿಸಿ, ಮಷಿನ್ನಿನ ಮೇಲೆ ಬೋರಲು ಹಾಕಿದರು. ಬಂದು ಕೂತರು. ದನಿ ಏರಲಿಲ್ಲ. "ದಿನಾ ಬೆಳಿಗ್ಗೆ ಮಷಿನ್ನಿಗೆ ಕೂತ್ಕೊಳ್ಳೋವಾಗ ಇವನ ಮುಖ ನೋಡಿ ಕೇಳ್ತಿದ್ದೆ, ಒಂದು ಮಾತು ಹೇಳಿ ಹೋಗ್ಬಾರ್ದಿತ್ತಾ ಅಪ್ಪಾ ಅಂತ. ಇವನನ್ನ ಅಪ್ಪಾ ಅಂತ ಕರೆದೆ ನಾನು."

ಬೋರಲು ಬಿದ್ದ ಕಟ್ಟಿನ ಮೇಲೆ ಕೈಯಿಟ್ಟು ಕೇಳಿದರು.

"ಅಪ್ಪ ಯಾರಿಗಾದ್ರೂ ಹೇಳಿದ್ರಾ ಅಣ್ಣ, ಇಳಿಯೋವಾಗ? ಮೇಸ್ತ್ರಿ ಬಿಟ್ಟು ಬೇರೆ ಯಾರಿಗಾದ್ರೂ?"

ಇದನ್ನು ನಾನು ಹೆಂಡತಿಗೆ ಹೇಳಿಲ್ಲ, ಭಾವನಿಗೂ ಹೇಳಿಲ್ಲ. "ನನಗೆ ಹೇಳಿದ್ರು. ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟು, 'ನಾನು ಒಳಗಿದೀನಿ ತಮ್ಮಾ, ಇಲ್ಲೇ ಇರು, ಯಾರೂ ವಾಲ್ವ್ ಮುಟ್ಟದ ಹಾಗೆ ನೋಡ್ಕೋ' ಅಂದ್ರು. ನಾನು ಹತ್ತು ನಿಮಿಷ ನಿಂತಿದ್ದೆ. ಒಳಗಿಂದ ಕೆರೆಯೋ ಸದ್ದು ಬರ್ತಿತ್ತು. ಆಮೇಲೆ ಒಂದು ಸಿಗರೇಟ್ ಸೇದಿ ಬರೋಣ ಅಂತ ಹೊರಗೆ ಹೋದೆ."

ಅವರು ಕಣ್ಣು ಮುಚ್ಚಿದರು. ತೆರೆದಾಗ ಹೇಳಿದ್ದು ಇಷ್ಟೇ: "ಅಮ್ಮ ಸಾಯೋವರೆಗೂ ಹೇಳಿದ್ರು, ನಿಮ್ಮಪ್ಪ ಹೇಳದೆ ಹೋಗೋ ಮನುಷ್ಯ ಅಲ್ಲ ಅಂತ. ಊರವರು ನಂಬಲಿಲ್ಲ. ನಾನೂ ನಂಬಲಿಲ್ಲ. ಕಾಗದದಲ್ಲಿ ಇಬ್ಬರು ಬರೆದಿದಾರಲ್ಲಮ್ಮ ಅಂತ ನಾನೇ ಅವರ ಬಾಯಿ ಮುಚ್ಚಿಸ್ತಿದ್ದೆ."

ಏನಾದರೂ ಕೊಡಬೇಕೆನಿಸಿತು. ಕೊಡಲು ನನ್ನ ಬಳಿ ಇದ್ದದ್ದು ಒಂದೇ. "ಆ ಫೋಟೋದಲ್ಲಿ ಫೈರ್‌ಮನ್ ಯಾಕಿಲ್ಲ ಅಂದ್ರೆ, ಎಲ್ಲರೂ ಹೊರಗೆ ಬಂದು ನಿಂತಾಗ ಉರಿ ಬಿಟ್ಟು ಬರೋ ಹಾಗಿರಲಿಲ್ಲ. ನಿಮ್ಮಪ್ಪ ಒಳಗಿದ್ರು. ಹಿಂದೆ ಚಿಮಣಿ ಕಾಣುತ್ತೆ ನೋಡಿ ತಂಗಿ, ಹೊಗೆ ಎಳೆ ಥರ..."

"ಬೇಡಿ" ಎಂದರು. "ಸಮಾಧಾನ ಮಾಡ್ಬೇಡಿ. ಅಪ್ಪ ಹೇಳಿ ಹೋಗಿದ್ರು ಅನ್ನೋದನ್ನ ನನ್ನೊಬ್ಬಳ ಕಿವಿಗೆ ಹಾಕಿ ನೀವು ಹಗುರಾಗೋದು ಬೇಡ. ಎಲ್ಲರ ಮುಂದೆ ತಪ್ಪು ಅವರದು ಅಂದ್ರಿ, ಎಲ್ಲರ ಮುಂದೇನೇ ಹೇಳಿ."

ಕಿಟಕಿ ಮುಚ್ಚಿಕೊಂಡಿತು.

ತಿರುಗಿದರೆ ಬಾಗಿಲಲ್ಲಿ ಹೆಂಡತಿ. ಕೈಯಲ್ಲಿದ್ದ ಕಾಫಿಯ ಲೋಟದ ಮೇಲೆ ಕೆನೆ ಕಟ್ಟಿತ್ತು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ನಾನು ಏನೋ ಹೇಳಹೋದೆ.

"ನಮ್ಮ ಮದುವೆ ನಿಲ್ಬಾರ್ದು ಅಂತ ಅವರಪ್ಪನ ಮೇಲೆ ತಪ್ಪು ಹಾಕಿದ್ರಾ?" ಎಂದಳು. "ಐವತ್ತೇಳು ವರ್ಷ ಅದರ ಮೇಲೆ ಸಂಸಾರ ಮಾಡಿದ್ನಾ ನಾನು?"

ಲೋಟವನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಣ್ಣನ ಮನೆಗೆ ಹೋದಳು. ಕತ್ತಲಾಗುವ ಮುಂಚೆ ಬಂದಳು. ಏನು ಮಾತಾಯಿತು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ತಟ್ಟೆ ಇಟ್ಟು ಬಡಿಸಿದಳು, ಎದುರು ಕೂರಲಿಲ್ಲ. ಒಂದು ತಿಂಗಳಾಯಿತು, ಇನ್ನೂ ಕೂತಿಲ್ಲ.

ಮರುದಿನ ಕಾರ್ಯದರ್ಶಿಗೆ ಫೋನ್ ಮಾಡಿ ಮುಂದಿನ ಉಪನ್ಯಾಸ ನನ್ನದು ಎಂದೆ, ಯಾಕೆಂದೂ ಹೇಳಿದೆ. ಆ ಹೆಂಗಸು ಬೈಯಲಿಲ್ಲ. ತಗಡಿನ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. "ಶಾಯಿನ ಬ್ಲೇಡಲ್ಲಿ ಕೆರೀತೀನಿ. ಕಾಗದ ಸ್ವಲ್ಪ ಕಿತ್ತು ಬರುತ್ತೆ, ಏನೂ ಮಾಡೋಕಾಗಲ್ಲ. ಮೇಸ್ತ್ರಿ ಅಂತ ಪೆನ್ಸಿಲಲ್ಲಿ ಬರೀತೀನಿ" ಎಂದರು. "ನೀವೊಬ್ಬರು ಹೇಳಿದ್ರೆ ಪೆನ್ಸಿಲೇ. ಇನ್ನೊಬ್ಬರು ಹೇಳ್ಲಿ." ನನ್ನ ಪದ್ಧತಿಯನ್ನು ನನಗೇ ಒಪ್ಪಿಸಿದರು.

ಇವತ್ತು ಆ ಭಾನುವಾರ. ಐದಕ್ಕೆ ಎಂಟು ನಿಮಿಷವಿರುವಾಗ 'ಗುಬ್ಬಚ್ಚಿ' ಎಂದು ಮೂಡಿತು. ಮೂಡಿದ ಕೂಡಲೇ ಒತ್ತಿದೆ. ಅವರ ಹಿಂದೆ ಗೋಡೆಯಲ್ಲಿ ಮೊಳೆಯೊಂದು ಉಳಿದಿತ್ತು, ಅದರ ಕೆಳಗೆ ಸುಣ್ಣದ ಬಣ್ಣ ಚೌಕವಾಗಿ ಬೆಳ್ಳಗಿತ್ತು. ಇಬ್ಬರೇ ಎಂಟು ನಿಮಿಷ ಎದುರುಬದುರು ಇದ್ದೆವು. ಅವರು ಹೊಲಿಯಲಿಲ್ಲ, ನಾನು ಮಾತಾಡಲಿಲ್ಲ. ಆಮೇಲೆ ಜನ ಬಂದರು, ನೂರ ಹನ್ನೆರಡು ಕಿಟಕಿಗಳಾದವು. ಸಂಶೋಧಕಿ ಬಂದಳು. ಐದು ಗಂಟೆ ದಾಟಿ ಎರಡು ನಿಮಿಷಕ್ಕೆ ಭಾವನ ಹೆಸರು ಮೂಡಿತು. ಒಳಗೆ ಬಿಟ್ಟೆ. ಸೀಲಿಂಗ್ ಫ್ಯಾನ್ ಕಾಣಿಸಲಿಲ್ಲ. ಯಾರೋ ಫೋನನ್ನು ಹಿಡಿದು ಎತ್ತುತ್ತಿದ್ದರು, ನನ್ನ ಹೆಂಡತಿಯ ಬಳೆಯ ಕೈ. ಮೊದಲ ಬಾರಿಗೆ ಭಾವನ ಮುಖ ಬಳಗಕ್ಕೆ ಕಂಡಿತು. ಪೊರೆ ಬಂದ ಕಣ್ಣುಗಳು ಎಲ್ಲಿ ನೋಡಬೇಕೆಂದು ತಿಳಿಯದೆ ಅತ್ತಿತ್ತ ಆಡುತ್ತಿದ್ದವು. ಅವರು ಮಾತಾಡುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಬರೆದಿಟ್ಟುಕೊಂಡ ಹಾಳೆ ಮುಂದಿತ್ತು. ಮೊದಲ ಸಾಲು: 'ಫೈರ್‌ಮನ್ ನನಗೆ ಹೇಳಿ ಒಳಗೆ ಇಳಿದರು.' ಅದರ ಮೇಲೆ ಬೆರಳಿಟ್ಟುಕೊಂಡು, ಅಭ್ಯಾಸಬಲದಿಂದ ಕೇಳಿದೆ, "ನನ್ನ ಧ್ವನಿ ಕೇಳಿಸ್ತಿದೆಯಾ?"

ಹೆಬ್ಬೆರಳುಗಳು ಎದ್ದವು. ನಾನು ಅವನ್ನು ನೋಡಲಿಲ್ಲ. ಹೊಲಿಗೆ ಮಷಿನ್ನಿದ್ದ ಕಿಟಕಿಯನ್ನೇ ನೋಡುತ್ತಿದ್ದೆ.

"ಕೇಳಿಸ್ತಿದೆ" ಎಂದರು ಅವರು. "ಹೇಳಿ."

ಅಣ್ಣ ಎನ್ನಲಿಲ್ಲ.